ಏರು ಹತ್ತದ ಟರ್ಬೊ ಗಾಡಿ

2004ರ ಡಿಸೆಂಬರ್ 12, ಭಾನುವಾರ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಪಿರಿಯಾಪಟ್ಟಣ ಪೊಲೀಸ್ ಠಾಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ವಯಸ್ಸು ಐವತ್ತರ ಆಸುಪಾಸು. ಸೀರೆಯ ಸೆರಗಿಗೆ ರಕ್ತ ಹತ್ತಿ ಒಣಗಿತ್ತು. ಒಳಗೆ ಬರಲು ಹಿಂಜರಿಯುತ್ತಿದ್ದವಳನ್ನು ಹೆಡ್ ಕಾನ್‌ಸ್ಟೆಬಲ್ ಗುರುಸ್ವಾಮಿ ಕರೆದು ಬೆಂಚಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟ. ಅವಳು ಲೋಟವನ್ನು ಕೈಯಲ್ಲಿ ಹಿಡಿದಳೇ ಹೊರತು ಕುಡಿಯಲಿಲ್ಲ.

ಹೆಸರು ಬೀರಮ್ಮ. ಕಂಪಲಾಪುರ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಅವಳದೊಂದು ಟೀ ಅಂಗಡಿ. ಅಲ್ಲಿಂದ ಒಂದಿಷ್ಟು ದೂರದಲ್ಲಿ ಹುಚ್ಚಯ್ಯ ಎಂಬ ಮುದುಕ ವಾಸವಾಗಿದ್ದ. ಊರವರ ಮೇಕೆಗಳನ್ನು ಮೇಯಿಸುವುದು ಅವನ ಕೆಲಸ. ಹೊಗೆಸೊಪ್ಪು ಹದಮಾಡಲು ಕಟ್ಟಿ ಯಾರೋ ಬಿಟ್ಟುಹೋದ ಹಳೆಯ ಬ್ಯಾರನ್ನಿನಲ್ಲಿ ಮಲಗುತ್ತಿದ್ದ. ದಿನಾ ಬೆಳಿಗ್ಗೆ ಮೇಕೆಗಳನ್ನು ರಸ್ತೆ ದಾಟಿಸಿಕೊಂಡು ಬಂದು, ಬೀರಮ್ಮನ ಅಂಗಡಿಯ ಮುಂದೆ ನಿಲ್ಲಿಸಿ, ಒಂದು ಲೋಟ ಟೀ ಕುಡಿದು ಮುಂದೆ ಹೋಗುತ್ತಿದ್ದ. ಈ ದಿನ ಮೇಕೆಗಳು ಬಂದವು, ಅವನು ಬರಲಿಲ್ಲ. ಬೀರಮ್ಮ ಒಲೆ ಆರಿಸಿ ಹುಡುಕಿಕೊಂಡು ಹೋದಳು. ತಿರುವಿನ ಕೆಳಗೆ, ಲಾಂಟಾನ ಪೊದೆಯಲ್ಲಿ ಬಿದ್ದಿದ್ದ. ಜೀವ ಇತ್ತು.

ಇನ್‌ಸ್ಪೆಕ್ಟರ್ ವೀರಭದ್ರಸ್ವಾಮಿ ಎದುರು ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದರು.

"ಏನಾದರೂ ಮಾತಾಡಿದನಾ?"

"ಮೇಕೆ ಎಲ್ಲಾ ದಾಟುದ್ವಾ ಅಂತ ಕೇಳ್ದ. ದಾಟವೆ ಕಣಣ್ಣೋ ಅಂದೆ."

"ಗಾಡಿ ಯಾವುದು ಅಂದನಾ?"

"ಇಲ್ಲ ಸ್ವಾಮಿ. ಅಷ್ಟೇ ಕೇಳಿದ್ದು."

ದಾರಿಯಲ್ಲಿ ಬರುತ್ತಿದ್ದ ಗೂಡ್ಸ್ ಆಟೋ ನಿಲ್ಲಿಸಿ ಅವಳೇ ಅವನನ್ನು ಹತ್ತಿಸಿಕೊಂಡು ಬಂದಿದ್ದಳು. ಪಿರಿಯಾಪಟ್ಟಣದ ಆಸ್ಪತ್ರೆ ಕಾಣುವ ಮೊದಲೇ ಉಸಿರು ನಿಂತಿತ್ತು. ಸಂಬಂಧಿಕರು ಯಾರಾದರೂ ಇದ್ದಾರೆಯೇ, ಅವರು ದೂರು ಕೊಡಬಹುದೇ ಎಂದು ಗುರುಸ್ವಾಮಿ ಕೇಳಿದ.

"ಯಾರೂ ಇಲ್ಲ ಸ್ವಾಮಿ. ಅದುಕ್ಕೇ ನಾನು ಬಂದೆ."

ಬೀರಮ್ಮನ ಹೇಳಿಕೆಯನ್ನು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಯಿತು. ಭಾರತೀಯ ದಂಡ ಸಂಹಿತೆಯ 279 ಮತ್ತು 304(ಎ) ಕಲಂಗಳು, ಅಪಘಾತ ಮಾಡಿ ನಿಲ್ಲಿಸದೆ ಹೋದ ಕಾರಣ ಮೋಟಾರು ವಾಹನ ಕಾಯ್ದೆಯ 187ನೇ ಕಲಂ ಸೇರಿಸಿ, ಅಪರಿಚಿತ ವಾಹನದ ಅಪರಿಚಿತ ಚಾಲಕನ ವಿರುದ್ಧ ಎಫ್.ಐ.ಆರ್. ದಾಖಲಾಯಿತು.

ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಪೆಕ್ಟರ್, ಗುರುಸ್ವಾಮಿ ಮತ್ತು ಜೀಪು ಓಡಿಸುವ ಕಾನ್‌ಸ್ಟೆಬಲ್ ವಸಂತ್ ಸ್ಥಳಕ್ಕೆ ಹೋದರು. ಎರಡೂ ಬದಿಯಲ್ಲಿ ಕೊಯ್ಲು ಮುಗಿದ ಹೊಗೆಸೊಪ್ಪಿನ ಹೊಲಗಳು. ಬೋಳು ಕಡ್ಡಿಗಳು ಮಾತ್ರ ನಿಂತಿದ್ದವು. ಬೆಳಗಿನ ಮಂಜು ಆ ದಿನ ತಡವಾಗಿ ಕರಗಿತ್ತೆಂದು ಬೀರಮ್ಮ ಹೇಳಿದ್ದಳು. ಕರೆದ ಇಬ್ಬರು ಪಂಚರ ಎದುರು ಮಹಜರು ನಡೆಯಿತು. ಹುಚ್ಚಯ್ಯನ ಕೋಲು ರಸ್ತೆಯ ಎಡಕ್ಕೆ ಬಿದ್ದಿತ್ತು, ಕಂಬಳಿ ಪೊದೆಗೆ ಸಿಕ್ಕಿಕೊಂಡಿತ್ತು. ಗಾಡಿಯ ಮುಂಭಾಗದ ಗ್ರಿಲ್ಲಿನದೆಂದು ಕಾಣುವ ಕಪ್ಪು ಪ್ಲಾಸ್ಟಿಕ್ ಚೂರುಗಳು ಸಿಕ್ಕವು. ದೀಪದ ಗಾಜು ಒಂದು ಚೂರೂ ಇರಲಿಲ್ಲ. ಕೊನೆಗೆ ವಸಂತ್ ಹುಲ್ಲಿನ ನಡುವಿನಿಂದ ಒಂದು ಉಕ್ಕಿನ ಪಟ್ಟಿಯನ್ನು ಎತ್ತಿದ. ಬಳೆಗಿಂತ ಸ್ವಲ್ಪ ದೊಡ್ಡದು, ಬಿಗಿ ಮಾಡುವ ಸ್ಕ್ರೂ ಮುರಿದಿತ್ತು. ಕೊಳವೆಗೆ ಹಾಕುವ ಕ್ಲಿಪ್ ಎಂದು ಅವನಿಗೆ ಗೊತ್ತಾಯಿತು. ಆದರೆ ನಮ್ಮ ಜೀಪಿನಲ್ಲಿ ಇಷ್ಟು ದಪ್ಪ ಕೊಳವೆ ಎಲ್ಲೂ ಇಲ್ಲ ಸಾರ್ ಎಂದ.

ಗಾಡಿ ಹುಣಸೂರಿನ ಕಡೆಯಿಂದ ಪಿರಿಯಾಪಟ್ಟಣದ ಕಡೆಗೆ ಹೋಗಿತ್ತು. ಅದು ಚಕ್ರದ ಗುರುತಿನಿಂದ ಸ್ಪಷ್ಟವಾಗಿತ್ತು. ಇನ್‌ಸ್ಪೆಕ್ಟರ್ ಆ ಗುರುತನ್ನೇ ಹಿಡಿದು ಮುಂದೆ ನಡೆದರು. ಕೂಗಿದರೆ ಕೇಳುವಷ್ಟು ದೂರದಲ್ಲಿ, ಇಬ್ಬನಿಗೆ ನೆಂದ ಮಣ್ಣಿನ ಅಂಚಿನಲ್ಲಿ, ನಾಲ್ಕೂ ಚಕ್ರಗಳು ಇಳಿದು ನಿಂತ ಆಳವಾದ ಅಚ್ಚು ಇತ್ತು. ಅಲ್ಲಿಂದ ಮತ್ತೆ ರಸ್ತೆಗೆ ಹತ್ತಿದ ಅಚ್ಚು. ಬಾಗಿಲು ತೆಗೆದು ಯಾರಾದರೂ ಇಳಿದಿದ್ದರೆ ಆ ಮಣ್ಣಿನಲ್ಲಿ ಹೆಜ್ಜೆ ಮೂಡಬೇಕಿತ್ತು. ಹೆಜ್ಜೆ ಇರಲಿಲ್ಲ.

"ಇದನ್ನೂ ಬರೆದುಕೋ," ಎಂದರು ಗುರುಸ್ವಾಮಿಗೆ.

ಅವರು ಹೊರಡುವ ಮೊದಲೇ ಮೇಕೆಗಳ ಮಾಲೀಕರು ಬಂದು ತಮ್ಮ ತಮ್ಮ ಮೇಕೆಗಳನ್ನು ಗುರುತಿಸಿ ಹೊಡೆದುಕೊಂಡು ಹೋಗಿದ್ದರು. ಹುಚ್ಚಯ್ಯನ ಬಗ್ಗೆ ಅವರಲ್ಲಿ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ಹೆಗ್ಗಡದೇವನಕೋಟೆ ಕಡೆಯವನು, ಯಾವಾಗ ಬಂದನೋ ಏನೋ, ಒಳ್ಳೆ ಮನುಷ್ಯ ಎಂದಷ್ಟೇ ಹೇಳಿದರು. ಸಂಬಂಧಿಕರ ಪತ್ತೆಗಾಗಿ ಎಚ್.ಡಿ. ಕೋಟೆ ಠಾಣೆಗೆ ವೈರ್‌ಲೆಸ್ ಸಂದೇಶ ಹೋಯಿತು.

ಮರಣೋತ್ತರ ಪರೀಕ್ಷೆ ಅದೇ ಸಂಜೆ ಮುಗಿಯಿತು. ಹೊಟ್ಟೆಯೊಳಗೆ ರಕ್ತಸ್ರಾವ. ಪೆಟ್ಟು ಬಿದ್ದ ಮೇಲೆ ಒಂದು ಗಂಟೆಯಷ್ಟು ಕಾಲ ಬದುಕಿದ್ದಿರಬೇಕು ಎಂದರು ವೈದ್ಯರು. ಕೂಡಲೇ ತಂದಿದ್ದರೆ ಉಳಿಯುತ್ತಿದ್ದನೇ ಎಂದು ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ, ಖಚಿತವಾಗಿ ಹೇಳಲಾರೆ, ಆದರೆ ಒಂದು ಅವಕಾಶ ಇತ್ತು ಎಂದರು.

ಸೋಮವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಆ ಕ್ಲಿಪ್ಪನ್ನು ತೆಗೆದುಕೊಂಡು ಹುಣಸೂರಿಗೆ ಹೋದರು. ಅಪಘಾತದ ಗಾಡಿಗಳನ್ನು ಪರೀಕ್ಷಿಸಿ ವರದಿ ಕೊಡುವ ಮೋಟಾರು ವಾಹನ ನಿರೀಕ್ಷಕ ಕನಕರಾಜು ಅವರಿಗೆ ಹಳೆಯ ಪರಿಚಯ. ಕನಕರಾಜು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದು ಟರ್ಬೊ ಗಾಡಿಯದು," ಎಂದರು. "ಡೀಸೆಲ್. ಈಚೆಗೆ ಬಂದಿರೋ ಜೀಪಿನಂಥ ದೊಡ್ಡ ಗಾಡಿಗಳಲ್ಲಿ ಇರುತ್ತೆ."

ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸದಿಂದಲೇ ತಿರುಗುವ ಒಂದು ಪುಟ್ಟ ಚಕ್ರವೇ ಟರ್ಬೊ ಎಂದು ಅವರು ವಿವರಿಸಿದರು. ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಗಾಡಿಗೆ ಎಳೆತ ಬರುತ್ತದೆ. ಆ ಒತ್ತಿದ ಗಾಳಿ ತಣ್ಣಗಾಗಲೆಂದು ಗ್ರಿಲ್ಲಿನ ಹಿಂದೆ ಒಂದು ಪೆಟ್ಟಿಗೆ, ಅಲ್ಲಿಂದ ಎಂಜಿನ್ನಿಗೆ ದಪ್ಪ ರಬ್ಬರ್ ಕೊಳವೆ. ಆ ಕೊಳವೆಯನ್ನು ಬಿಗಿಯಾಗಿ ಹಿಡಿದಿಡುವುದೇ ಈ ಕ್ಲಿಪ್. ಮುಂಭಾಗಕ್ಕೆ ಪೆಟ್ಟು ಬಿದ್ದಾಗ ಇದು ಮುರಿದು ಉದುರಿದೆ.

"ಹಾಗಿದ್ರೆ ಗಾಡಿ ಅಲ್ಲೇ ನಿಲ್ಲಬೇಕಿತ್ತಲ್ಲ?"

"ಇಲ್ಲ. ಕ್ಲಿಪ್ ಇಲ್ದೆ ಇದ್ರೂ ಕೊಳವೆ ಸ್ವಲ್ಪ ಹೊತ್ತು ತನ್ನ ಜಾಗದಲ್ಲೇ ಕೂತಿರುತ್ತೆ. ಸಮ ರಸ್ತೇಲಿ ಒಂದೇ ವೇಗದಲ್ಲಿ ಹೋಗ್ತಿದ್ರೆ ಟರ್ಬೊಗೆ ಅಂಥಾ ಕೆಲಸ ಇರಲ್ಲ. ಗಾಳಿಯ ಒತ್ತಡ ಕಡಿಮೆ. ಓಡಿಸೋನಿಗೆ ಗೊತ್ತೇ ಆಗಲ್ಲ."

"ಯಾವಾಗ ಗೊತ್ತಾಗುತ್ತೆ?"

"ಏರು ಸಿಕ್ಕಾಗ. ಕಾಲು ಒತ್ತಿದ ಹಾಗೆ ಒತ್ತಡ ಏರುತ್ತೆ, ಕೊಳವೆ ಫಟ್ ಅಂತ ಬಿಚ್ಕೊಳ್ಳುತ್ತೆ. ಆಮೇಲೆ ಕಪ್ಪು ಹೊಗೆ, ಎಳೆತ ಇಲ್ಲ."

ಇನ್‌ಸ್ಪೆಕ್ಟರ್ ಗೋಡೆಯ ಮೇಲಿದ್ದ ನಕ್ಷೆಯನ್ನು ನೋಡಿದರು. ಕಂಪಲಾಪುರದಿಂದ ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರದವರೆಗೂ ರಸ್ತೆ ಹೆಚ್ಚು ಕಡಿಮೆ ಸಮ. ಕುಶಾಲನಗರ ದಾಟಿದ ಮೇಲೆ ಮಡಿಕೇರಿಯ ಏರು. ಗಾಡಿ ನಡುವೆ ಎಲ್ಲೂ ತಿರುಗದೆ ನೇರ ಹೋಗಿದ್ದರೆ ಆ ಏರಿನಲ್ಲಿ ಯಾರಾದರೂ ನೋಡಿರಲೇಬೇಕು.

ಅದೇ ಮಧ್ಯಾಹ್ನ ಗುರುಸ್ವಾಮಿ, ವಸಂತ್ ಸೇರಿ ಮೂವರೂ ಜೀಪಿನಲ್ಲಿ ಮಡಿಕೇರಿಯ ಕಡೆಗೆ ಹೊರಟರು. ಠಾಣೆಯ ಜೀಪು ಹಳೆಯದು, ಟರ್ಬೊ ಇಲ್ಲದ್ದು. ಕುಶಾಲನಗರದವರೆಗೆ ಒದರುತ್ತಲೇ ಓಡಿತು. ಸುಂಟಿಕೊಪ್ಪ ದಾಟಿ ಏರು ಬಿಗಿಯಾಗುತ್ತಿದ್ದಂತೆ ವಸಂತ್ ಮೂರನೇ ಗೇರಿಗೆ ಬಂದ, ಆಮೇಲೆ ಎರಡಕ್ಕೆ. ಹಿಂದಿನಿಂದ ಬಂದ ಒಂದು ಹೊಸ ಗಾಡಿ ಹಾರ್ನ್ ಮಾಡಿ, ಏರೇ ಇಲ್ಲವೆಂಬಂತೆ ದಾಟಿ ಹೋಯಿತು. ವಸಂತ್ ಅದರ ಬೆನ್ನನ್ನೇ ನೋಡಿದ. ಇನ್ನೂ ಎರಡು ತಿರುವು ಹೋಗುವಷ್ಟರಲ್ಲಿ ರೇಡಿಯೇಟರ್ ಕುದಿಯಿತು. ನೀರಿಗಾಗಿ ನಿಲ್ಲಿಸಿದ್ದು ಕಾಫಿ ತೋಟದ ಬೇಲಿಗೆ ಅಂಟಿಕೊಂಡಿದ್ದ ಒಂದು ಚಿಕ್ಕ ಅಂಗಡಿಯ ಮುಂದೆ.

ಅಂಗಡಿಯವಳ ಹೆಸರು ಮೀನಾ. ಕೇರಳದಿಂದ ಬಂದು ನೆಲೆಸಿದವರ ಮಗಳು. ಬಕೆಟ್ ತಂದುಕೊಡುತ್ತ, ಈ ತಿರುವಿನಲ್ಲಿ ಗಾಡಿಗಳು ನಿಲ್ಲುವುದು ಹೊಸತಲ್ಲ ಎಂದಳು. ನಿನ್ನೆಯೂ ಒಂದು ನಿಂತಿತ್ತೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ನಿಂತಿತ್ತು.

ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಬೂದು ಬಣ್ಣದ ಹೊಸ ಗಾಡಿಯೊಂದು ಕಪ್ಪು ಹೊಗೆ ಬಿಡುತ್ತ, ನಡೆಯುವವರಿಗಿಂತ ನಿಧಾನವಾಗಿ ಬಂತು. ಒಬ್ಬನೇ ಇದ್ದ. ಬಾನೆಟ್ ಎತ್ತಿದ, ಏನೂ ತಿಳಿಯದೆ ನಿಂತ. ಆಮೇಲೆ ಲಾರಿಯವನೊಬ್ಬ ನೋಡಿ, ಗಾಳಿಯ ಕೊಳವೆ ಬಿಚ್ಚಿದೆ ಎಂದು ತೋರಿಸಿದ. ಮೀನಾ ಗಂಡನ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಕೊಟ್ಟಳು. ಅವನು ಅದನ್ನು ಸುತ್ತಿ ಕಟ್ಟಿ ಸ್ವಲ್ಪ ದೂರ ಹೋದ. ಮತ್ತೆ ಬಿಚ್ಚಿಕೊಂಡಿತು. ಗಾಡಿಯನ್ನು ಹಿಂದಕ್ಕೆ ಬಿಟ್ಟುಕೊಂಡು ಬಂದು ಇಲ್ಲೇ ನಿಲ್ಲಿಸಿದ.

"ಆಮೇಲೆ?"

"ಬಸ್ಸಿಗೆ ಕೈ ಮಾಡಿದ್ರು. ಬಸ್ ನಿಂತಿತು. ಹತ್ತಲಿಲ್ಲ. ಗಾಡಿ ಮುಂದುಗಡೆ ನೋಡಿದ್ರು, ಹೋಗಿ ಅಂತ ಕೈ ಬೀಸಿದ್ರು. ಕಂಡಕ್ಟರ್ ಬೈದ."

ಅಂಗಡಿಯ ಕಾಯಿನ್ ಫೋನಿನಿಂದ ಯಾರಿಗೋ ಮಾತಾಡಿದ. ಏನೆಂದು ಅವಳಿಗೆ ಕೇಳಲಿಲ್ಲ. ಆಮೇಲೆ ತುಂಬ ಹೊತ್ತು ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದ. ಊಟ ಬೇಕೇ ಎಂದು ಕೇಳಿದರೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಹೊರಡುವ ಮೊದಲು ಗಾಡಿಯಿಂದ ಒಂದು ಕೇಕಿನ ಡಬ್ಬಿ ತಂದು, ನಿಮ್ಮ ಮಕ್ಕಳಿಗೆ ಕೊಡಿ ಎಂದ. ಇನ್ನೊಂದು ಮಾತು ಕೇಳಿದನಂತೆ: ಕುಶಾಲನಗರದಿಂದ ಪಿರಿಯಾಪಟ್ಟಣಕ್ಕೆ ಹೋಗದೆ ಕೆ.ಆರ್. ನಗರಕ್ಕೆ ದಾರಿ ಇದೆಯೇ? ಮೀನಾಳ ಗಂಡ ಆ ಕಡೆ ಹೊಗೆಸೊಪ್ಪಿನ ಕೂಲಿಗೆ ಹೋಗಿ ಬಂದವನು. ಕುಶಾಲನಗರದ ಪಕ್ಕದ ಕೊಪ್ಪದಲ್ಲಿ ತಿರುಗಿ ಬೆಟ್ಟದಪುರದ ಮೇಲೆ ಹೋಗಬಹುದು ಎಂದು ಹೇಳಿದ್ದ.

"ಆ ಗಾಡಿ ಇಳೀತಾ?"

"ಇಳಿಯೋಕೆ ಏನು ಬೇಕು ಸಾರ್. ಸುಮ್ಮನೆ ಇಳೀತು."

ಕೇಕನ್ನು ಮಕ್ಕಳು ಆಗಲೇ ತಿಂದು ಮುಗಿಸಿದ್ದರು. ಡಬ್ಬಿ ಇತ್ತು. ಅದರ ಮೇಲೆ ಕೆ.ಆರ್. ನಗರದ ಒಂದು ಬೇಕರಿಯ ಹೆಸರು. ಕೇಕಿನ ಮೇಲೆ ಏನಾದರೂ ಬರೆದಿತ್ತೇ ಎಂದು ಗುರುಸ್ವಾಮಿ ಕೇಳಿದ. ಮೀನಾಳಿಗೆ ಕನ್ನಡ ಓದಲು ಬಾರದು. ಮೂರನೇ ಕ್ಲಾಸಿನ ಮಗಳನ್ನು ಕರೆದಳು. ಅನುಶ್ರೀ ಅಂತ ಇತ್ತು, ಆ ಹೆಸರಿನ ಭಾಗ ತಾನೇ ತಿಂದೆ ಎಂದಳು ಅವಳು.

ಮಂಗಳವಾರ ಬೆಳಿಗ್ಗೆ ಕೆ.ಆರ್. ನಗರದ ಬೇಕರಿಯವನಿಗೆ ನೆನಪು ಮಾಡಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಕೇಕ್ ಸಿದ್ಧವಾಗಿರಬೇಕೆಂದು ಹೇಳಿದ್ದರು. ಕೆಲಸದವನು ಬರುವುದು ತಡವಾಯಿತು. ಹೆಸರು ಬರೆಯುವುದು ಬಾಕಿ ಇತ್ತು. ಆ ಮನುಷ್ಯ ಅಂಗಡಿಯ ಮುಂದೆ ಅತ್ತಿಂದಿತ್ತ ನಡೆಯುತ್ತ ಒಂದು ಗಂಟೆ ಕಾದ. ಹೆಸರು ಬೇಡವೆಂದರೆ ಹಾಗೇ ಕೊಟ್ಟುಬಿಡುತ್ತೇನೆ ಎಂದರೂ ಕೇಳಲಿಲ್ಲ, ಹೆಸರು ಬೇಕೇ ಬೇಕೆಂದ. ಆತ ಚೆಲುವರಾಜು. ಪಂಪ್‌ಸೆಟ್ ಅಂಗಡಿ ಇಟ್ಟಿರುವವರು. ನಾಲೆಯ ಬಳಿ ಮನೆ, ಗದ್ದೆ.

ಮನೆಯ ಬಾಗಿಲು ತೆರೆದೇ ಇತ್ತು. ಚೆಲುವರಾಜುವಿಗೆ ನಲವತ್ತೆರಡು ವರ್ಷ. ಗಡ್ಡ ಬೋಳಿಸಿರಲಿಲ್ಲ. ಮೂವರು ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಒಳಗೆ ಬನ್ನಿ ಎಂದ. ದೊಡ್ಡ ಹಜಾರದಲ್ಲಿ ಸೋಫಾದ ಮೇಲೆ ಒಬ್ಬ ಕೂರುವಷ್ಟು ಜಾಗ ಬಿಟ್ಟು ಉಳಿದೆಡೆಯೆಲ್ಲ ಬಟ್ಟೆ, ಪತ್ರಿಕೆ, ಪಂಪಿನ ಬಿಡಿಭಾಗಗಳು. ಅವನು ಅವನ್ನು ಸರಿಸಿ ಜಾಗ ಮಾಡತೊಡಗಿದ. ಇನ್‌ಸ್ಪೆಕ್ಟರ್ ಬೇಡವೆಂದು, ಗಾಡಿ ತೋರಿಸಲು ಹೇಳಿದರು.

ಗಾಡಿ ಹಿತ್ತಲ ಶೆಡ್ಡಿನಲ್ಲಿತ್ತು. ತೊಳೆದಿತ್ತು. ಮುಂದಿನ ಗ್ರಿಲ್ಲಿನಲ್ಲಿ ಅಂಚು ಮಾತ್ರ ಉಳಿದಿತ್ತು. ಬಾನೆಟ್ ಎತ್ತಿದಾಗ ಕೊಳವೆಯ ತುದಿಯಲ್ಲಿ ಹೊಳೆಯುವ ಹೊಸ ಕ್ಲಿಪ್ ಕಂಡಿತು.

"ಗ್ರಿಲ್ ಏನಾಯ್ತು?"

"ನಾಯಿ ಅಡ್ಡ ಬಂತು ಸಾರ್."

"ಎಲ್ಲಿ?"

"ಹುಣಸೂರಿನ ಹತ್ರ."

"ಕ್ಲಿಪ್ ಎಲ್ಲಿ ಹಾಕಿಸಿದ್ರಿ?"

"ಬೆಟ್ಟದಪುರದಲ್ಲಿ."

"ಮಡಿಕೇರಿ ಕಡೆಯಿಂದ ಕೆ.ಆರ್. ನಗರಕ್ಕೆ ಬರೋರು ಹೆದ್ದಾರಿ ಬಿಟ್ಟು ಬೆಟ್ಟದಪುರದ ಮೇಲೆ ಯಾಕೆ ಬಂದ್ರಿ?"

ಚೆಲುವರಾಜು ಹೊಸ ಕ್ಲಿಪ್ಪನ್ನು ನೋಡಿದ. ಇನ್‌ಸ್ಪೆಕ್ಟರ್ ಮುಂದುವರಿಸಿದರು.

"ನೀವು ಕಂಪಲಾಪುರದ ಆಚೆ ನಿಲ್ಲಿಸಿದ್ರಿ. ಇಳೀಲಿಲ್ಲ."

ಅವನು ಬಾನೆಟ್ಟಿನ ಅಂಚನ್ನು ಹಿಡಿದುಕೊಂಡ. "ಕನ್ನಡೀಲಿ ನೋಡ್ದೆ ಸಾರ್," ಎಂದ. "ಕೈ ಆಡಿಸ್ತಿದ್ರು. ಎದ್ದೇಳ್ತಾರೆ ಅಂದ್ಕೊಂಡೆ. ಮೇಕೆಗಳು ಸುತ್ತ ನಿಂತಿದ್ವು. ಯಾರಾದ್ರೂ ಬತ್ತಾರೆ ಅಂದ್ಕೊಂಡೆ. ಬ್ರೇಕಿನ ಮೇಲಿಂದ ಕಾಲು ತೆಗೆದುಬುಟ್ಟೆ."

ಉಳಿದದ್ದನ್ನು ಅವನು ಠಾಣೆಯಲ್ಲಿ, ಗುರುಸ್ವಾಮಿ ಬರೆದುಕೊಳ್ಳುತ್ತಿದ್ದಂತೆ, ತಡವರಿಸದೆ ಹೇಳಿದ.

ಹೆಂಡತಿ ಪವಿತ್ರಾ ಮೂರು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಹೋಗಿದ್ದಳು. ಈಗ ಮಡಿಕೇರಿಯಲ್ಲಿ ಶಾಲೆಯ ಟೀಚರ್. ಜಗಳವೇನೂ ಆಗಿರಲಿಲ್ಲ. ಅಂಗಡಿ, ಗದ್ದೆ, ಕೊಳವೆಬಾವಿ ಎಂದು ಅವನು ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಇದ್ದಾಗಲೂ ಮಾತಿರಲಿಲ್ಲ. ಅವಳು ಹೊರಟ ದಿನ ಅದು ಅವನಿಗೆ ತಿಳಿದದ್ದು ಸಂಜೆ, ಮನೆಯಲ್ಲಿ ದೀಪ ಹತ್ತಿಲ್ಲದ್ದನ್ನು ನೋಡಿ. ಅಂದಿನಿಂದ ಮನೆಯಲ್ಲಿ ಒಬ್ಬನೇ. ನ್ಯಾಯಾಲಯದ ಆದೇಶದ ಪ್ರಕಾರ ಎರಡು ವಾರಕ್ಕೊಮ್ಮೆ, ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಮಗಳನ್ನು ನೋಡಬಹುದಿತ್ತು.

ಹಳೆಯ ಗಾಡಿ ಸಮ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಏರಿನಲ್ಲಿ ಮಾತ್ರ ಕುದಿದು ನಿಲ್ಲುತ್ತಿತ್ತು. ಎರಡು ಸಲ ತಡವಾಯಿತು. ಎರಡನೆಯ ಸಲ ತಲುಪಿದಾಗ ಹನ್ನೆರಡು ದಾಟಿತ್ತು. ಮಗಳು ಕಾದು ಕಾದು ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸಲು ಪವಿತ್ರಾ ಒಪ್ಪಲಿಲ್ಲ. ಹೀಗೇ ಆದರೆ ಈ ಭೇಟಿಯೇ ಬೇಡವೆಂದು ಅರ್ಜಿ ಹಾಕುತ್ತೇನೆ, ಮಗುವಿಗೆ ಕಾಯುವುದನ್ನು ಕಲಿಸಲಾರೆ ಎಂದಿದ್ದಳು. ಅದಾದ ತಿಂಗಳಲ್ಲೇ ಅವನು ಈ ಟರ್ಬೊ ಗಾಡಿ ಕೊಂಡ.

ಆ ಗಾಡಿಯ ಬಗ್ಗೆ ಹೇಳುವಾಗ ಮಾತ್ರ ಅವನ ದನಿಯಲ್ಲಿ ಸ್ವಲ್ಪ ಜೀವ ಬಂತು. ಹುಣಸೂರು ಬಿಟ್ಟು ಹೆದ್ದಾರಿಗೆ ಬಂದ ಮೇಲೆ ಐದನೇ ಗೇರಿಗೆ ಹಾಕಿ ಕಾಲು ಹಗುರಾಗಿ ಇಟ್ಟರೆ ಸಾಕು, ಎಂಜಿನ್ ಒಂದೇ ಶ್ರುತಿಯಲ್ಲಿ ಗುನುಗುತ್ತ ಹೋಗುತ್ತಿತ್ತು. ಏರಿನಲ್ಲಿ ಕಾಲು ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಒಂದು ಗಳಿಗೆ ಬಿಟ್ಟು ಯಾರೋ ಹಿಂದಿನಿಂದ ಕೈಕೊಟ್ಟು ನೂಕಿದ ಹಾಗೆ ಗಾಡಿ ಎದ್ದು ಹೋಗುತ್ತಿತ್ತು. ಹಳೆಯ ಗಾಡಿ ಎರಡನೇ ಗೇರಿನಲ್ಲಿ ನರಳುತ್ತಿದ್ದ ಜಾಗವನ್ನು ಇದು ನಾಲ್ಕರಲ್ಲೇ ಹತ್ತಿತು. ಮೊದಲ ಸಲ ಹೋದ ದಿನ ಹತ್ತಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಪವಿತ್ರಾಳ ಮನೆಯ ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿ, ಒಳಗೇ ಕುಳಿತು, ಹತ್ತು ಹೊಡೆಯುವುದನ್ನು ಕಾದಿದ್ದ.

ಈ ಭಾನುವಾರ ಮಗಳಿಗೆ ಏಳು ತುಂಬುತ್ತಿತ್ತು. ಬೇಕರಿಯಲ್ಲಿ ಕಳೆದುಹೋದ ಒಂದು ಗಂಟೆಯನ್ನು ಹೆದ್ದಾರಿಯಲ್ಲಿ ಹಿಡಿಯಬೇಕಿತ್ತು. ಕಂಪಲಾಪುರ ದಾಟುವಾಗ ಮಂಜು ಇನ್ನೂ ಇತ್ತು. ಮೇಕೆಗಳು ಕಂಡವು, ದಾಟಿದವು. ಹಿಂದೆ ಮನುಷ್ಯ ಇರುತ್ತಾನೆಂದು ಹೊಳೆಯಲಿಲ್ಲ.

"ನಿಲ್ಲಿಸಿದ್ರಲ್ಲ. ಆಗ ಏನು ಯೋಚಿಸಿದ್ರಿ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಇಳಿದ್ರೆ ಆಸ್ಪತ್ರೆ, ಪೊಲೀಸು, ಹನ್ನೆರಡಾಗುತ್ತೆ ಅಂತ."

"ಮತ್ತೆ?"

"ಅಷ್ಟೇ ಸಾರ್. ಬೇರೆ ಏನೂ ಯೋಚಿಸಲಿಲ್ಲ."

ಕುಶಾಲನಗರದವರೆಗೆ ಗಾಡಿ ಎಂದಿನಂತೆಯೇ ಓಡಿತು. ಹಾಗಾಗಿ ಪೆಟ್ಟು ಅಷ್ಟೇನೂ ಜೋರಾಗಿರಲಿಲ್ಲ, ಮುದುಕನಿಗೂ ಹೆಚ್ಚೇನೂ ಆಗಿರಲಾರದು ಎಂದು ತನಗೆ ತಾನೇ ಹೇಳಿಕೊಂಡು ಬಂದ. ಏರಿನಲ್ಲಿ ಕಾಲು ಒತ್ತಿದಾಗ ಸದ್ದಾಯಿತು. ಆಮೇಲೆ ಎಷ್ಟು ಒತ್ತಿದರೂ ಆ ನೂಕು ಬರಲಿಲ್ಲ. ಬಸ್ಸು ನಿಲ್ಲಿಸಿದ್ದು ನಿಜ. ಆದರೆ ಗ್ರಿಲ್ ಒಡೆದ ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ಹೋದರೆ ಯಾರಾದರೂ ನೋಡುತ್ತಾರೆಂಬ ಭಯಕ್ಕೆ ಹತ್ತಲಾಗಲಿಲ್ಲ. ಪವಿತ್ರಾಳಿಗೆ ಫೋನ್ ಮಾಡಿ, ಗಾಡಿ ಎಳೆಯುತ್ತಿಲ್ಲ ಎಂದ. ಅವಳು ಸರಿ ಎಂದು ಇಟ್ಟಳು.

ಇಷ್ಟು ಹೇಳಿ ಮುಗಿಸಿದ. ಆಮೇಲೆ ಕೇಳಿದ. "ಆ ಯಜಮಾನ್ರು ಅಲ್ಲೇ ಹೋಗ್ಬುಟ್ರಾ ಸಾರ್?"

"ಇಲ್ಲ. ಒಂದು ಗಂಟೆ ಇದ್ದ."

ಚೆಲುವರಾಜು ತಲೆ ತಗ್ಗಿಸಿದ. ಅವರ ಕಡೆಯವರು ಯಾರು, ಹೋಗಿ ಕಾಲಿಗೆ ಬೀಳುತ್ತೇನೆ ಎಂದ. ಎಚ್.ಡಿ. ಕೋಟೆಯಿಂದ ಆ ಬೆಳಿಗ್ಗೆಯಷ್ಟೇ ಉತ್ತರ ಬಂದಿತ್ತು. ಹುಚ್ಚಯ್ಯನ ಊರು ಕಬಿನಿ ಹಿನ್ನೀರಿನಲ್ಲಿ ಮುಳುಗಿ ಮೂವತ್ತು ವರ್ಷವಾಗಿದೆ. ಊರವರು ದಿಕ್ಕಾಪಾಲಾಗಿದ್ದಾರೆ. ಅವನನ್ನು ಬಲ್ಲವರು ಸಿಗಲಿಲ್ಲ. ಸೋಮವಾರ ಸಂಜೆಯೇ ಬೀರಮ್ಮ ಕಂಪಲಾಪುರದ ನಾಲ್ಕು ಜನರನ್ನು ಸೇರಿಸಿ ಮಣ್ಣು ಮಾಡಿಸಿದ್ದಳು. ಇನ್‌ಸ್ಪೆಕ್ಟರ್ ಅದನ್ನೆಲ್ಲ ಹೇಳಿದರು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ದಸ್ತಗಿರಿ ಪಂಚನಾಮೆ ಆಯಿತು. ಗಾಡಿಯನ್ನು ಜಪ್ತಿ ಮಾಡಿ ಠಾಣೆಗೆ ತರಲಾಯಿತು. ಕನಕರಾಜು ಬಂದು ಕೊಳವೆಯ ಅಳತೆಗೂ ಮುರಿದ ಕ್ಲಿಪ್ಪಿಗೂ, ಗ್ರಿಲ್ಲಿನ ಉಳಿದ ಭಾಗಕ್ಕೂ ಚೂರುಗಳಿಗೂ ತಾಳೆ ನೋಡಿ ವರದಿ ಬರೆದರು.

ಅಪರಾಧ ಜಾಮೀನು ಕೊಡಬಹುದಾದದ್ದು. ಜಾಮೀನುದಾರರೊಬ್ಬರು ಬಂದು ಸಹಿ ಹಾಕಿದರೆ ಠಾಣೆಯಿಂದಲೇ ಬಿಡಬಹುದು, ಯಾರಿಗೆ ಹೇಳಿ ಕಳಿಸಲಿ ಎಂದು ಗುರುಸ್ವಾಮಿ ಕೇಳಿದ. ಚೆಲುವರಾಜು ಯೋಚಿಸಿದ. ಅಂಗಡಿಯ ಕೆಲಸದವನ ಹೆಸರು ಹೇಳಿ, ಅವನು ಬೇಡ ಎಂದ. ಇನ್ನೊಂದು ಹೆಸರು ಶುರುಮಾಡಿ ನಿಲ್ಲಿಸಿದ.

"ಅಣ್ಣತಮ್ಮಂದಿರು?"

"ಇಲ್ಲ."

"ಸ್ನೇಹಿತರು ಯಾರೂ ಇಲ್ವಾ?"

"ಗಿರಾಕಿಗಳವ್ರೆ," ಎಂದ.

ದಸ್ತಗಿರಿಯ ವಿಷಯವನ್ನು ಯಾರಿಗಾದರೂ ತಿಳಿಸಲೇಬೇಕಿತ್ತು. ಅವನನ್ನು ಕೇಳಿ, ಕೊನೆಗೆ ಗುರುಸ್ವಾಮಿ ಮಡಿಕೇರಿಯ ಶಾಲೆಗೆ ಫೋನ್ ಮಾಡಿದ. ಸಂಜೆಯವರೆಗೂ ಯಾರೂ ಬರಲಿಲ್ಲ.

ಪವಿತ್ರಾ ಬಂದದ್ದು ಬುಧವಾರ ಬೆಳಿಗ್ಗೆ, ಮೊದಲ ಬಸ್ಸಿಗೆ. ಒಬ್ಬಳೇ ಬಂದಿದ್ದಳು. ಇನ್‌ಸ್ಪೆಕ್ಟರ್ ಅವಳ ಹೇಳಿಕೆ ಪಡೆದರು. ಭಾನುವಾರ ಅವನು ಎಷ್ಟು ಹೊತ್ತಿಗೆ ಬರಬೇಕಿತ್ತು, ಫೋನ್ ಯಾವಾಗ ಬಂತು, ಏನೆಂದ ಎಂಬ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸಿದಳು. ಬರೆದದ್ದನ್ನು ಓದಿ ಹೇಳಿದ ಮೇಲೆ, ಇನ್ನೊಂದು ಮಾತಿದೆ ಎಂದಳು.

"ಫೋನಿನಲ್ಲಿ ಅವರು ಅಳ್ತಿದ್ರು. ಗಾಡಿ ಕೆಟ್ಟಿದ್ದಕ್ಕೆ ಯಾರಾದ್ರೂ ಅಳ್ತಾರಾ ಅನ್ನಿಸ್ತು. ಆದ್ರೂ ಏನಾಯ್ತು ಅಂತ ನಾನು ಕೇಳಲಿಲ್ಲ."

ತನಿಖೆಗೆ ಆ ಮಾತು ಬೇಕಿರಲಿಲ್ಲ. ಇನ್‌ಸ್ಪೆಕ್ಟರ್ ಅದನ್ನೂ ಬರೆಸಿದರು. ಅಂದಿನ ಕೇಸ್ ಡೈರಿಯಲ್ಲಿ, ಆರೋಪಿಯು ಹತ್ತು ಗಂಟೆಯೊಳಗೆ ಮಡಿಕೇರಿ ಸೇರಿ ಮಗಳನ್ನು ನೋಡುವ ಆತುರದಲ್ಲಿ ಗಾಯಾಳುವನ್ನು ಬಿಟ್ಟು ಹೋಗಿದ್ದು, ಮಗಳನ್ನೂ ನೋಡಿರುವುದಿಲ್ಲ ಎಂದು ತಾವೇ ಕೈಯಾರೆ ಬರೆದರು.

ಜಾಮೀನುದಾರರು ಸಂಬಂಧಿಕರೇ ಆಗಿರಬೇಕೇ ಎಂದು ಪವಿತ್ರಾ ಕೇಳಿದಳು. ಬೇಕಿಲ್ಲ, ಸಂಬಳದ ಪತ್ರವಿರುವ ಯಾರಾದರೂ ಆದೀತು ಎಂದ ಗುರುಸ್ವಾಮಿ. ಅವಳು ಕೈಚೀಲದಿಂದ ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟಳು. ಮನೆಯಿಂದ ಹೊರಡುವಾಗಲೇ ತಂದಿದ್ದಳು.

ಹನ್ನೊಂದರ ಹೊತ್ತಿಗೆ ಇಬ್ಬರೂ ಠಾಣೆಯಿಂದ ಹೊರಬಂದರು. ಬಸ್ ನಿಲ್ದಾಣದವರೆಗೆ ಒಂದೇ ದಾರಿ. ಅವಳು ಮುಂದೆ, ಅವನು ಎರಡು ಮಾರು ಹಿಂದೆ ನಡೆದರು. ನಿಲ್ದಾಣದ ಬಾಗಿಲಲ್ಲಿ ಅವಳು ನಿಂತು, ಅವನು ಹತ್ತಿರ ಬರುವವರೆಗೆ ಕಾದು, ಏನೋ ಹೇಳಿದಳು. ಅವನು ತಲೆಯಾಡಿಸಿದ. ಮಡಿಕೇರಿ ಬಸ್ಸು ಮೊದಲು ಬಂತು. ಅದು ಹೋದ ಮೇಲೂ ಚೆಲುವರಾಜು ತನ್ನ ಬಸ್ಸು ನಿಲ್ಲುವ ಕಡೆಗೆ ಹೋಗದೆ ಬಹಳ ಹೊತ್ತು ಅಲ್ಲೇ ನಿಂತಿದ್ದನೆಂದು, ಚಹಾ ಕುಡಿಯಲು ಹೋಗಿದ್ದ ವಸಂತ್ ಬಂದು ಹೇಳಿದ.